ಬೆಳ್ಳಗಾಗುವ ಗಾಜು

ಕೊಯಮತ್ತೂರಿನ ಅಂಚಿನ ಕುರಿಚಿಯ ಕೈಗಾರಿಕಾ ವಸಾಹತಿನಲ್ಲಿ ನಾನು ಕೆಲಸಕ್ಕೆ ಸೇರಿದ ಗಾಜಿನ ಕಾರ್ಖಾನೆಯಲ್ಲಿ ಕನ್ನಡ ಬರುತ್ತಿದ್ದವರು ಇಬ್ಬರೇ, ಮಾಲೀಕರು ಮತ್ತು ಅವರ ಅತ್ತಿಗೆ. ಒಬ್ಬರನ್ನೊಬ್ಬರು ಬಯ್ಯುವುದಕ್ಕೆ ಮಾತ್ರ ಅವರು ಅಲ್ಲಿ ಕನ್ನಡ ಬಳಸುತ್ತಿದ್ದರು.

ಎರಡು ಸಾವಿರದ ದಶಕದ ಮೊದಲ ವರ್ಷಗಳವು. ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿದ್ದ ನಾನು, ಮನೆಯಲ್ಲಿ ಮದುವೆಯ ಮಾತು ಜೋರಾಗುವ ಮೊದಲು ಎಲ್ಲಾದರೂ ದೂರ ಹೋಗಬೇಕೆಂದು ಹಟ ಹಿಡಿದಿದ್ದೆ. ಪೇಪರಿನಲ್ಲಿ ಬಂದ ಜಾಹೀರಾತು ನೋಡಿ ಅರ್ಜಿ ಹಾಕಿದೆ. ಸಂದರ್ಶನದಲ್ಲಿ ಮಾಲೀಕರು ಇಂಗ್ಲಿಷಿನಲ್ಲಿ ಸಿಲಿಕೇಟ್ ಬಗ್ಗೆ ಒಂದಷ್ಟು ಕೇಳಿ, ಊರು ಯಾವುದೆಂದರು. ಗದಗ ಎಂದೆ. "ಅಂದರೆ ಕನ್ನಡವಾ?" ಎಂದು ಕನ್ನಡದಲ್ಲೇ ಕೇಳಿದರು. ಹೌದೆಂದಾಗ ಅವರ ಮುಖ ಸ್ವಲ್ಪ ಪೆಚ್ಚಾಯಿತು. ಕೆಲಸವನ್ನಂತೂ ಕೊಟ್ಟರು, ಆ ಸಂಬಳಕ್ಕೆ ಬೇರೆ ಯಾರೂ ಬಂದಿರಲಿಲ್ಲ. ನನ್ನಿಂದಾಗಿ ಅವರ ಗುಟ್ಟಿನ ಭಾಷೆ ಗುಟ್ಟಾಗಿ ಉಳಿಯದೆ ಹೋಯಿತು ಎಂಬುದು ಎಷ್ಟೋ ದಿನಗಳ ಮೇಲೆ ನನಗೆ ಅರ್ಥವಾಯಿತು.

ಅವರದು ಕುನ್ನತ್ತೂರಿನ ಕಡೆಯ ಒಕ್ಕಲು ಮನೆತನ. ಯಾವ ಕಾಲದಲ್ಲಿ ಕನ್ನಡನಾಡು ಬಿಟ್ಟು ಬಂದರೆಂಬುದು ಅವರಿಗೇ ತಿಳಿಯದು. ಕನ್ನಡದ ಒಂದಕ್ಷರವನ್ನೂ ಓದಲು ಬಾರದು, ಆದರೂ ಅಡುಗೆಮನೆಯಲ್ಲಿ, ಜಗಳದಲ್ಲಿ, ಹೆರಿಗೆಯ ಕೋಣೆಯಲ್ಲಿ ಬಾಯಿಗೆ ಬರುವುದು ಕನ್ನಡವೇ. ತಂದೆ ಅವಿನಾಶಿಯಲ್ಲಿ ಪವರ್‌ಲೂಮ್ ಹಾಕಿದ್ದರಂತೆ. ಗಂಡುಮಕ್ಕಳಿಬ್ಬರೂ ಸೇರಿ ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ನಡೆಸಿದರು. ಅಲ್ಲಿ ಬೆಂಕಿ ಬಿದ್ದು ಅಣ್ಣ ಸತ್ತ. ತಮ್ಮ ಬನಿಯನ್ ವ್ಯಾಪಾರ ಬಿಟ್ಟು, ಬೆಂಕಿ ತಡೆಯುವ ಗಾಜು ತಯಾರಿಸುತ್ತೇನೆಂದು ಕುರಿಚಿಗೆ ಬಂದ. ಆ ತಮ್ಮನೇ ನಮ್ಮ ಮಾಲೀಕರು.

ಇಂಥ ಗಾಜನ್ನು ಆಗ ಆ ಕಡೆ ಹೆಚ್ಚು ಜನ ಕಂಡಿರಲಿಲ್ಲ. ಬಂದವರಿಗೆಲ್ಲ ವಿವರಿಸುವುದು ನನ್ನ ಪಾಲಿನ ಕೆಲಸಗಳಲ್ಲಿ ಒಂದು. ಕಾರಿನ ಮುಂದಿನ ಗಾಜನ್ನು ನೋಡಿರುತ್ತೀರಿ, ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಟಿಸಿರುತ್ತಾರೆ. ಕಲ್ಲೇಟಿಗೆ ಅದು ತಾಳುತ್ತದೆ, ಬೆಂಕಿಗೆ ತಾಳುವುದಿಲ್ಲ. ಹಾಳೆ ಕರಗಿ, ಹೊಗೆಯಾಡಿ, ತಾನೇ ಹೊತ್ತಿಕೊಳ್ಳುತ್ತದೆ. ಒಳಗೆ ತಂತಿಯ ಬಲೆ ಹಾಕಿದ ಗಾಜು ಇನ್ನೊಂದು ಬಗೆ. ಅದು ಬಿರುಕು ಬಿಟ್ಟರೂ ಬೀಳುವುದಿಲ್ಲ, ಜ್ವಾಲೆಯನ್ನು ಈಚೆ ಬಿಡುವುದಿಲ್ಲ. ಆದರೆ ಬೆಂಕಿಯ ಶಾಖ ಬಿಸಿಲಿನ ಹಾಗೆ ಅದರ ಮೂಲಕ ಹಾದು ಬರುತ್ತದೆ. ಎದುರಿಗೆ ನಿಂತವರನ್ನು ಬೆಂಕಿ ಮುಟ್ಟದೆಯೇ ಸುಡುತ್ತದೆ.

ನಾವು ಮಾಡುತ್ತಿದ್ದುದು ಮೂರನೆಯ ಬಗೆ. ಹದ ಮಾಡಿದ ಗಾಜುಗಳ ಅಂಚಿಗೆ ಪಟ್ಟಿ ಕೂರಿಸಿ, ನಡುವಿನ ಸಂದಿಗೆ ಸಿಲಿಕೇಟ್ ದ್ರಾವಣ ಸುರಿಯುತ್ತಿದ್ದೆವು. ಗಾಜನ್ನು ಓರೆಯಾಗಿ ಹಿಡಿದು, ಒಂದು ಮೂಲೆಯಿಂದ, ಗುಳ್ಳೆ ಏಳದ ಹಾಗೆ ನಿಧಾನವಾಗಿ ಸುರಿಯಬೇಕು. ಆಮೇಲೆ ಮೂಲೆಯನ್ನು ಮುಚ್ಚಿ ಬೆಚ್ಚನೆಯ ಕೋಣೆಯಲ್ಲಿಟ್ಟರೆ ದ್ರಾವಣ ಗಟ್ಟಿಯಾಗಿ ಜೆಲ್ ಆಗುತ್ತದೆ. ನೋಡಲು ಮಾಮೂಲಿ ಗಾಜಿನಷ್ಟೇ ತಿಳಿ. ಬೆಂಕಿ ತಗುಲಿದಾಗ ಮುಂದಿನ ಗಾಜು ಬಿರಿಯುತ್ತದೆ, ಹಿಂದಿನ ಜೆಲ್ ನೊರೆಯೆದ್ದು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಜೆಲ್ಲಿನಲ್ಲಿರುವ ನೀರು ಆವಿಯಾಗುತ್ತ ಶಾಖವನ್ನು ನುಂಗುತ್ತದೆ, ನೊರೆ ಗಟ್ಟಿಯಾಗಿ ಗೋಡೆಯಂತೆ ನಿಲ್ಲುತ್ತದೆ. ಆಚೆ ಕುಲುಮೆ ಉರಿಯುತ್ತಿದ್ದರೂ ಈಚೆಯ ಗಾಜಿನ ಮೇಲೆ ಬಹಳ ಹೊತ್ತು ಕೈಯಿಡಬಹುದು. ನಮ್ಮ ಒಂದು ಗಂಟೆಯ ಗಾಜಿನಲ್ಲಿ ಎರಡು ಜೆಲ್ ಪದರಗಳಿರುತ್ತಿದ್ದವು. ಮೊದಲನೆಯದು ಸೋತ ಮೇಲೆ ಎರಡನೆಯದು ತಡೆಯುತ್ತಿತ್ತು.

ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಯಾರೂ ಕೊಳ್ಳುವುದಿಲ್ಲ ಎಂದು ಮಾಲೀಕರಿಗೆ ಗೊತ್ತಿತ್ತು. ಷೆಡ್ಡಿನ ಹಿಂದೆ ಇಟ್ಟಿಗೆಯ ಕುಲುಮೆಯೊಂದನ್ನು ಕಟ್ಟಿಸಿದ್ದರು. ಪಕ್ಕದ ಎರಕದ ಕಾರ್ಖಾನೆಯವನೊಬ್ಬ ಬಂದು ಡೀಸೆಲ್ ಬರ್ನರ್ ಕೂರಿಸಿಕೊಟ್ಟಿದ್ದ. ಕುಲುಮೆಯ ಬಾಯಿಗೆ ನಮ್ಮ ಗಾಜನ್ನು ಬಾಗಿಲಿನಂತೆ ಬಿಗಿದು, ಎದುರಿಗೆ ಒಂದು ಕುರ್ಚಿ ಹಾಕುತ್ತಿದ್ದರು. ಆ ಕುರ್ಚಿಯಲ್ಲಿ ಅವರ ಅತ್ತಿಗೆ ಕೂರಬೇಕು.

ನಾನು ನೋಡಿದ ಮೊದಲ ಪ್ರದರ್ಶನದ ದಿನ ಕೊಯಮತ್ತೂರಿನ ಒಂದು ಹೋಟೆಲಿನವರು ಬಂದಿದ್ದರು. ಕಾರಿನಿಂದ ಅತ್ತಿಗೆ ಇಳಿದರು. ನಲವತ್ತರ ಆಸುಪಾಸು, ಎತ್ತರದ ಹೆಂಗಸು, ಗಂಜಿ ಹಾಕಿದ ಹತ್ತಿ ಸೀರೆ. ಸೆರಗನ್ನು ಬಲಗೆನ್ನೆ ಮುಚ್ಚುವಂತೆ ಎಳೆದುಕೊಂಡಿದ್ದರು. ಯಾರ ಕಡೆಗೂ ನೋಡದೆ ಬಂದು ಕುರ್ಚಿಯಲ್ಲಿ ಕೂತರು. ಮಾಲೀಕರು ತಮಿಳಿನಲ್ಲಿ ಅಣ್ಣನ ಸಾವಿನ ಕಥೆ ಹೇಳತೊಡಗಿದರು. ಬಾಗಿಲಿಗೆ ಬೀಗ ಬಿದ್ದಿತ್ತು, ಹೊಗೆಯಲ್ಲಿ ಬೀಗದ ಕೈ ಸಿಗಲಿಲ್ಲ, ಅಣ್ಣ ಒಳಗೆ ಉಳಿದ, ಈ ತಾಯಿ ಬಾಗಿಲಿನ ಈಚೆ ನಿಂತೇ ಬೆಂದಳು. ಅಷ್ಟು ಹೇಳಿ ಅತ್ತಿಗೆಯ ಕಡೆ ತಿರುಗಿ "ಅಣ್ಣೀ, ಕೊಂಚ ತೋರಿಸಿ" ಎಂದರು. ಅತ್ತಿಗೆ ಸೆರಗು ಸರಿಸಿದರು. ಕೆನ್ನೆಯಿಂದ ಕೊರಳಿನವರೆಗೆ ಚರ್ಮ ಸುಕ್ಕುಗಟ್ಟಿ, ಎಳೆದು ಅಂಟಿಸಿದಂತಿತ್ತು. ಹೋಟೆಲಿನವರಲ್ಲಿ ಒಬ್ಬರು ಮುಖ ತಿರುಗಿಸಿದರು. ಆ ಹೊತ್ತಿಗೆ ಬರ್ನರ್ ಹಚ್ಚಲು ಮಾಲೀಕರು ಸನ್ನೆ ಮಾಡಿದರು.

ತಿಳಿಗಾಜಿನ ಆಚೆ ಬೆಂಕಿ ಎದ್ದಾಗ ಅತ್ತಿಗೆಯ ಮೈ ಒಮ್ಮೆ ಅದುರಿತು. ಕೈಗಳು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡವು. ಗಾಜು ಬಿರಿದ ಸದ್ದು ಕೇಳಿತು. ಮೂಲೆಯಿಂದ ಬಿಳಿ ಹಬ್ಬುತ್ತ ಬಂದು ಬೆಂಕಿ ಪೂರ್ತಿ ಮರೆಯಾಯಿತು. ಆಮೇಲೆ ಅವರು ಅಂಗೈಯನ್ನು ಗಾಜಿನ ಮೇಲಿಟ್ಟು ತೋರಿಸಿದರು. ಮಾಲೀಕರು ಹೋಟೆಲಿನವರನ್ನೂ ಒಬ್ಬೊಬ್ಬರಾಗಿ ಕರೆದು ಕೈಯಿಡಿಸಿದರು. ಎಲ್ಲರೂ ನಕ್ಕರು, ಬೆವರೊರೆಸಿಕೊಂಡರು, ಕಾಫಿ ಕುಡಿದರು.

ಗಾಜು ತೊಳೆಯುವ ಹೆಂಗಸೊಬ್ಬಳು ಕಂಬದ ಹಿಂದೆ ನಿಂತು ಇದನ್ನು ನೋಡಿ ಅಳುತ್ತಿದ್ದಳು. ಮಾರನೆಯ ದಿನ ಅವಳು ಕೆಲಸಕ್ಕೆ ಬರಲಿಲ್ಲ. ಕೇಳಿದಾಗ, ಪೆರಿಯಮ್ಮ ಬಿಡಿಸಿದರು ಎಂದು ಉಳಿದವರು ಹೇಳಿದರು. ಕೆಲಸದವರು ಅತ್ತಿಗೆಯನ್ನು ಪೆರಿಯಮ್ಮ, ಅಂದರೆ ದೊಡ್ಡಮ್ಮ, ಎಂದೇ ಕರೆಯುತ್ತಿದ್ದರು. ನಾನು ಮಾತ್ರ ಅಕ್ಕ ಎನ್ನುತ್ತಿದ್ದೆ.

ಪ್ರದರ್ಶನವಿದ್ದ ದಿನ ಅಕ್ಕ ಮನೆಯಿಂದ ಬುತ್ತಿ ತರುತ್ತಿದ್ದರು. ಗಿರಾಕಿಗಳು ಹೋದ ಮೇಲೆ ನನ್ನ ಲ್ಯಾಬಿಗೆ ಬಂದು ಕೂತು, ಅಕ್ಕಿ ಬೇಳೆ ಸೇರಿಸಿ ಬೇಯಿಸಿದ ಅನ್ನಕ್ಕೆ ಕೊಬ್ಬರಿ ಎಣ್ಣೆ ಹಾಕಿಕೊಂಡು ಉಣ್ಣುತ್ತಿದ್ದರು. ನನಗೂ ಒಂದು ಪಾಲು ಬಡಿಸುತ್ತಿದ್ದರು. ಅವರ ಪ್ರೀತಿ ಬಡಿಸುವುದರಲ್ಲಿಯೇ ಮುಗಿಯುತ್ತಿತ್ತು, ಮಾತಿನಲ್ಲಿ ಇರುತ್ತಿರಲಿಲ್ಲ. ನನ್ನ ಕನ್ನಡ ಪುಸ್ತಕ ಓದಿದ ಹಾಗಿದೆ ಎಂದು ಅಣಕಿಸುತ್ತಿದ್ದರು. ಇಷ್ಟು ಕಪ್ಪಗಿರುವವಳನ್ನು ನಿಮ್ಮ ಊರಿನಲ್ಲಿ ಯಾರು ಕಟ್ಟಿಕೊಳ್ಳುತ್ತಾರೆ ಎಂದು ಕೇಳುತ್ತಿದ್ದರು. ತೊಳೆಯುವ ಹೆಂಗಸನ್ನು ಯಾಕೆ ಬಿಡಿಸಿದಿರಿ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದೆ.

"ನನ್ನ ಬದಲು ಅವಳು ಯಾಕೆ ಅಳಬೇಕು ಕಣ್ಣು?" ಎಂದರು, ಆ ಸೀಮೆಯಲ್ಲಿ ಮಕ್ಕಳನ್ನು ಮುದ್ದಿಗೆ ಕರೆಯುವ ಹಾಗೆ. "ನಾನೇನು ಸತ್ತಿದೀನಾ?"

ಅವತ್ತೇ ಅವರು ಬೆಂಕಿಯ ವಿಷಯ ಹೇಳಿದ್ದು. ನಾನು ಕೇಳಿರಲಿಲ್ಲ. ಊಟ ಮಾಡುತ್ತಲೇ, ಬೇರೆ ಯಾರಿಗೋ ಆದದ್ದರ ಹಾಗೆ ಹೇಳಿದರು.

ಅದು ವಾರದ ರಜೆಯ ದಿನವಂತೆ. ಗೋದಾಮಿನ ಬಾಗಿಲಿಗೆ ತಂತಿ ಬಲೆಯ ಗಾಜು ಹಾಕಿದ್ದರು. ಬಾಗಿಲು ಮುಚ್ಚಿದರೆ ತಾನಾಗಿ ಬೀಗ ಬೀಳುತ್ತಿತ್ತು, ಒಳಗಿನಿಂದಾಗಲಿ ಹೊರಗಿನಿಂದಾಗಲಿ ತೆರೆಯಲು ಬೀಗದ ಕೈ ಬೇಕು. ಕೆಲಸದವರು ಬಟ್ಟೆ ಕದಿಯುತ್ತಾರೆಂದು ತಮ್ಮನೇ ಅಂಥ ಬೀಗ ಹಾಕಿಸಿದ್ದ. ಬೆಳಿಗ್ಗೆ ಅಣ್ಣನಿಗೆ ಬಾಗಿಲು ತೆರೆದುಕೊಟ್ಟು, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಅವಿನಾಶಿಯ ಒಂದು ಮದುವೆಗೆ ಹೊರಟುಹೋದ. ಬಾಗಿಲು ಮುಚ್ಚದಿರಲಿ ಎಂದು ಅಣ್ಣ ಬಟ್ಟೆಯ ಉರುಳೆಯೊಂದನ್ನು ಅಡ್ಡ ಇಟ್ಟಿದ್ದ. ಅಕ್ಕ ಮೆಟ್ಟಿಲ ಮೇಲೆ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಒಳಗೆ ವೈರಿನಿಂದ ಕಿಡಿ ಹಾರಿ ಹತ್ತಿಯ ಚೂರಿಗೆ ಹತ್ತಿತು. ಹೊಗೆಯಲ್ಲಿ ಓಡಿ ಬಂದ ಗಂಡ ಉರುಳೆಗೆ ಎಡವಿದ, ಉರುಳೆ ಜಾರಿತು, ಬಾಗಿಲು ಮುಚ್ಚಿಕೊಂಡಿತು.

"ಕಣ್ಣಾಡಿ ಒಡೀಲೇ ಇಲ್ಲ" ಎಂದರು ಅಕ್ಕ. ಗಾಜಿಗೆ ಅವರ ಬಾಯಲ್ಲಿ ತಮಿಳಿನ ಕಣ್ಣಾಡಿಯೇ ಬರುತ್ತಿತ್ತು. "ನಾನು ಈ ಕಡೆ ಗುದ್ದಿದೆ, ಅವರು ಆ ಕಡೆ ಗುದ್ದಿದರು. ಬಿರುಕು ಬಿಡ್ತು, ಬೀಳಲಿಲ್ಲ. ಎಲ್ಲಾ ಕಾಣ್ತಾ ಇತ್ತು. ಬಾಯಿ ತೆಗೆದು ಕೂಗ್ತಾ ಇದ್ದರು. ನನ್ನನ್ನಲ್ಲ. ತಮ್ಮನನ್ನ. ಬೀಗದ ಕೈ ಅವನ ಹತ್ರ ಅಲ್ವಾ?"

ನಾನು ಊಟ ಬಿಟ್ಟು ಕೂತಿದ್ದೆ. ಅವರು ನನ್ನ ತಟ್ಟೆಯ ಕಡೆ ನೋಡಿ, ತಿನ್ನು, ಚೆಲ್ಲಬೇಡ ಎಂದರು. ನಿಮ್ಮ ಈ ಜೆಲ್ ಗಾಜು ಅಲ್ಲಿ ಇದ್ದಿದ್ದರೆ ನಾನು ಬೇಯುತ್ತಿರಲಿಲ್ಲ ಅಲ್ಲವಾ ಎಂದು ಕೇಳಿದರು. ಹೌದೆಂದೆ. ಬೆಳ್ಳಗಾಗಿ ಅವರ ಮುಖವೂ ಕಾಣುತ್ತಿರಲಿಲ್ಲ ಅಲ್ಲವಾ ಎಂದರು. ಅದಕ್ಕೂ ಹೌದೆಂದೆ. "ಹಂಗಾದರೆ ಒಳ್ಳೆ ಸರಕೇ" ಎಂದು ಕೈ ತೊಳೆಯಲು ಎದ್ದರು.

ಅಷ್ಟಾದ ಮೇಲೂ ಅವರು ಯಾಕೆ ಬಂದು ಆ ಕುರ್ಚಿಯಲ್ಲಿ ಕೂರುತ್ತಿದ್ದರು ಎಂದು ನಾನು ಬಹಳ ಯೋಚಿಸಿದ್ದೇನೆ. ಮೈದುನನ ಮನೆಯಲ್ಲಿ ಊಟ, ಮೈದುನನ ಮನೆಯಲ್ಲಿ ಹಾಸಿಗೆ. ಮಕ್ಕಳಿರಲಿಲ್ಲ. ತವರಿನವರು ಒಂದು ಸಲ ಕರೆದುಕೊಂಡು ಹೋಗಿ, ಹಬ್ಬದ ದಿನ ಮನೆಗೆ ಬಂದ ನೆಂಟರ ಮಕ್ಕಳು ಮುಖ ನೋಡಿ ಹೆದರಿದರೆಂದು ಹಿಂದಕ್ಕೆ ಕಳಿಸಿದ್ದರಂತೆ. ಮಾಲೀಕರ ಹೆಂಡತಿ ಅಕ್ಕನಿಗೆ ಹಿಂದಿನ ವರಾಂಡದಲ್ಲಿ ಊಟ ಹಾಕುತ್ತಿದ್ದಳು. ಮೈದುನ ಒಮ್ಮೆ, ನನ್ನೆದುರಿಗೇ, ಕೂರುವುದಿಲ್ಲವೆಂದರೆ ನೀವು ಯಾವುದಕ್ಕೆ ಬೇಕು ಅತ್ತಿಗೆ ಎಂದು ಕನ್ನಡದಲ್ಲಿ ಕೇಳಿದ್ದರು. ದನಿ ಏರಿಸಿರಲಿಲ್ಲ. ಗೌರವದ ಬಹುವಚನವನ್ನೂ ಬಿಟ್ಟಿರಲಿಲ್ಲ.

ಹೀಗೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ನಡೆಯಿತು. ಆಸ್ಪತ್ರೆಗಳು, ಸಿನಿಮಾ ಮಂದಿರ ಕಟ್ಟಿಸುವವರು, ಜವಳಿ ಅಂಗಡಿಯವರು ಬಂದುಹೋದರು. ಅಕ್ಕನ ಮೈ ಅದುರುವುದು ಕ್ರಮೇಣ ನಿಂತುಹೋಯಿತು. ಆಗ ಮಾಲೀಕರಿಗೆ ಬೇಸರವಾಯಿತು. ಬೆಂಕಿ ಏಳುವಾಗ ಸ್ವಲ್ಪ ಬೆಚ್ಚಿದ ಹಾಗೆ ಮಾಡಿ, ಗಿರಾಕಿಗಳಿಗೆ ಅದು ನಾಟುತ್ತದೆ ಎಂದು ಅಕ್ಕನಿಗೆ ಹೇಳಿಕೊಟ್ಟರು. ಅಕ್ಕ ಹಾಗೆಯೇ ಮಾಡತೊಡಗಿದರು. ಚೆನ್ನಾಗಿ ಮಾಡುತ್ತಿದ್ದರು ಕೂಡ. ನಿಜವಾಗಿ ಬೆಚ್ಚುತ್ತಿದ್ದ ಕಾಲದಲ್ಲಿ ಅವರು ಇಷ್ಟು ಚೆನ್ನಾಗಿ ಬೆಚ್ಚಿರಲಿಲ್ಲ.

ತಿರುಪ್ಪೂರಿನ ದೊಡ್ಡ ಬನಿಯನ್ ಕಂಪನಿಯೊಂದರ ಆರ್ಡರ್ ಮಾತುಕತೆಗೆ ಬಂದದ್ದು ಆಗ. ವಿದೇಶದಲ್ಲಿ ಬಟ್ಟೆ ಕೊಳ್ಳುವವರು, ಹೊಲಿಗೆ ವಿಭಾಗದ ಮೆಟ್ಟಿಲುಗಳಿಗೆ ಬೆಂಕಿಯಿಂದ ರಕ್ಷಣೆ ಬೇಕೆಂದು ಕಟ್ಟುನಿಟ್ಟು ಮಾಡಿದ್ದರು. ಮಹಡಿ ಮಹಡಿಯಲ್ಲೂ ನೂರಾರು ಹೆಂಗಸರು ಹೊಲಿಯುವ ಕಟ್ಟಡ ಅದು. ಮೆಟ್ಟಿಲ ಸುತ್ತ ಮೇಲಿನಿಂದ ಕೆಳಗಿನವರೆಗೆ ಒಂದು ಗಂಟೆಯ ಗಾಜು ಹಾಕಬೇಕು. ನಮ್ಮ ಕಾರ್ಖಾನೆ ಅಲ್ಲಿಯವರೆಗೆ ಕಂಡ ಎಲ್ಲ ಆರ್ಡರುಗಳಿಗಿಂತ ದೊಡ್ಡದು.

ಮಾಲೀಕರು ಒಂದು ಮಧ್ಯಾಹ್ನ ಲ್ಯಾಬಿಗೆ ಬಂದರು. ಅಕ್ಕ ಅಲ್ಲೇ ಕೂತು ಕೊಬ್ಬರಿ ಮಿಠಾಯಿ ತಿನ್ನುತ್ತಿದ್ದರು. ಹೊರಗಿನ ತಮಿಳು ಕೆಲಸದವರಿಗೆ ತಿಳಿಯದಿರಲಿ ಎಂದು ಮಾಲೀಕರು ಕನ್ನಡದಲ್ಲಿ ಮಾತಾಡಿದರು. ಈ ಆರ್ಡರಿಗೆ ಎರಡು ಪದರ ಬೇಡ, ಒಂದೇ ಪದರ ಸಾಕು ಎಂದರು. ಒಂದು ಪದರದ ಗಾಜು ಅರ್ಧ ಗಂಟೆ ದಾಟುವುದೂ ಕಷ್ಟ, ಈಚೆ ಕಡೆಯ ಗಾಜು ಅದಕ್ಕೂ ಮೊದಲೇ ಸುಡತೊಡಗುತ್ತದೆ ಎಂದೆ. ಮೆಟ್ಟಿಲು ಇಳಿಯುವುದಕ್ಕೆ ಹೆಂಗಸರಿಗೆ ಒಂದು ಗಂಟೆ ಬೇಕೇನಮ್ಮಾ ಎಂದು ಕೇಳಿದರು. ಗಾಜಿನ ಮೇಲೆ ಒಂದು ಗಂಟೆ ಎಂದು ಚೀಟಿ ಅಂಟಿಸುತ್ತೇವಲ್ಲ ಸಾರ್ ಎಂದೆ.

"ಬೆಂಕಿ ಬಿದ್ದಾಗ ಚೀಟಿ ಓದೋರು ಯಾರು?" ಎಂದರು.

ನಾನು ಪ್ರದರ್ಶನಕ್ಕೆ ಯಾವ ಗಾಜು ಕಟ್ಟಲಿ ಎಂದು ಕೇಳಿದೆ. ಒಂದು ಪದರದ್ದನ್ನೇ ಕಟ್ಟು, ತೆಳ್ಳಗಿದೆ, ತಿಳಿಯಾಗಿದೆ, ನೋಡುವುದಕ್ಕೆ ಚೆಂದ ಎಂದರು. ಅದು ಬಿಸಿಯಾಗುವ ಹೊತ್ತಿಗೆ ಅತ್ತಿಗೆ ಕೈಯಿಟ್ಟು ಎದ್ದಿರುತ್ತಾರೆ, ಗಿರಾಕಿಗಳು ಊಟಕ್ಕೆ ಹೋಗಿರುತ್ತಾರೆ. ಆಮೇಲೆ ಏನಾದರೂ ಯಾರಿಗೆ ಗೊತ್ತಾಗುತ್ತದೆ ಎಂದರು. ಸ್ವಲ್ಪ ತಡವಾಗಿ ಎದ್ದರೆ ಅಕ್ಕನ ಕೈ ಸುಡುತ್ತದೆ ಎಂದೆ. ಮಾಲೀಕರು ಅಕ್ಕನ ಕಡೆ ನೋಡಿದರು.

"ಅವರಿಗೆ ಸುಟ್ಟು ಅಭ್ಯಾಸ" ಎಂದು ನಕ್ಕು ಹೊರಟುಹೋದರು.

ಅಕ್ಕ ಮಿಠಾಯಿಯನ್ನು ಪೂರ್ತಿ ತಿಂದು ಮುಗಿಸಿದರು. ಆಮೇಲೆ, ಒಂದು ಪದರದ ಗಾಜು ಬಿಸಿಯಾಗತೊಡಗುವುದು ಬೆಳ್ಳಗಾದ ಮೇಲೋ ಮೊದಲೋ ಎಂದು ಕೇಳಿದರು. ಬೆಳ್ಳಗಾಗಿ ಸ್ವಲ್ಪ ಹೊತ್ತಿನ ಮೇಲೆ ಎಂದೆ. ಎಲ್ಲರೂ ಒಮ್ಮೆ ಕಾಫಿ ಕುಡಿದು ಮುಗಿಸುವಷ್ಟು ಹೊತ್ತಾ ಎಂದರು. ಹೆಚ್ಚುಕಡಿಮೆ ಅಷ್ಟೇ ಎಂದೆ. ಅವರು ತಮ್ಮ ಸುರಕ್ಷತೆಗಾಗಿ ಕೇಳುತ್ತಿದ್ದಾರೆ ಎಂದು ನಾನು ತಿಳಿದೆ.

ಪ್ರದರ್ಶನದ ದಿನ ಬೆಳಿಗ್ಗೆಯೇ ತಿರುಪ್ಪೂರಿನಿಂದ ಎರಡು ಕಾರು ಬಂದವು. ಬನಿಯನ್ ಕಂಪನಿಯ ಯಜಮಾನರು, ಅವರ ಇಬ್ಬರು ಗಂಡುಮಕ್ಕಳು, ವಿದೇಶಿ ಕೊಳ್ಳುಗರ ಪರವಾಗಿ ಚೆನ್ನೈಯಿಂದ ಬಂದಿದ್ದ ಒಬ್ಬ ಇಂಜಿನಿಯರ್. ಯಜಮಾನರಿಗೆ ವಯಸ್ಸಾಗಿತ್ತು, ಬಿಳಿ ಪಂಚೆ, ಬಿಳಿ ಅಂಗಿ. ಇಂಜಿನಿಯರ್ ಗಾಜಿನ ಈಚೆ ಮೈಗೆ ಉಷ್ಣತೆ ಅಳೆಯುವ ತಂತಿ ಅಂಟಿಸಲು ಹೇಳಿ, ಮೀಟರಿನ ಹತ್ತಿರ ನನ್ನನ್ನು ನಿಲ್ಲಿಸಿದರು. ಸ್ವಲ್ಪ ಹೊತ್ತಿನಲ್ಲಿ ಅವರಿಗೆ ಫೋನ್ ಬಂತು, ಮಾತಾಡುತ್ತ ಗೇಟಿನ ಕಡೆ ಹೋದರು. ಮಾಲೀಕರು ಅದಕ್ಕೆ ಕಾದಿದ್ದವರಂತೆ ಕಥೆ ಶುರು ಮಾಡಿದರು.

ಅಕ್ಕ ಅವತ್ತು ಕೂರಲಿಲ್ಲ. ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತಿದ್ದರು. ಹೊಗೆಯಲ್ಲಿ ಬೀಗದ ಕೈ ಸಿಗಲಿಲ್ಲ ಎನ್ನುವಲ್ಲಿಗೆ ಮಾಲೀಕರು ಬಂದಾಗ ಅವರು ಮಧ್ಯೆ ಬಾಯಿ ಹಾಕಿದರು. ತಮಿಳಿನಲ್ಲಿ, ಕೊಂಗು ಸೀಮೆಯ ಮರ್ಯಾದೆಯಲ್ಲಿ, ಪ್ರತಿ ಮಾತಿನ ಕೊನೆಗೂ ಒಂದು 'ಉಂಗ' ಸೇರಿಸಿ ಬಹಳ ವಿನಯದಿಂದ ಹೇಳಿದರು. ಬೀಗದ ಕೈ ಹೊಗೆಯಲ್ಲಿ ಕಳೆದಿರಲಿಲ್ಲ. ಇವರ ಜೇಬಿನಲ್ಲಿತ್ತು. ಇವರು ಅವಿನಾಶಿಯಲ್ಲಿ ಮದುವೆ ಊಟಕ್ಕೆ ಕೂತಿದ್ದರು. ಅಣ್ಣನನ್ನು ಸುಟ್ಟ ಬೆಂಕಿಯನ್ನು ಇವರು ಇನ್ನೂ ಹತ್ತಿರದಿಂದ ನೋಡಿಲ್ಲ. ಆದ್ದರಿಂದ ಇವತ್ತು ನಿಮ್ಮಂಥ ದೊಡ್ಡವರ ಎದುರಿಗೆ ಇವರೇ ಕೂರಬೇಕೆಂದು ಇವರ ಆಸೆ.

ಯಜಮಾನರ ಒಬ್ಬ ಮಗ ಕೆಳಗೆ ನೋಡಿದ. ಮಾಲೀಕರ ಕತ್ತಿನ ನರ ಉಬ್ಬಿದ್ದು ನನಗೆ ಕಂಡಿತು. ಆಮೇಲೆ ಯಜಮಾನರು ಶಾಂತವಾಗಿ, ತಾನು ಮಾಡಿದ ಗಾಜಿನ ಎದುರು ತಾನೇ ಕೂರುವುದು ಒಳ್ಳೆಯ ಪದ್ಧತಿ, ಕೂರಿ ಎಂದರು. ಮಾಲೀಕರು ನಕ್ಕ ಹಾಗೆ ಮಾಡಿ ಕೂತರು.

ಬರ್ನರ್ ಹೊತ್ತಿತು. ಬೆಂಕಿ ತಿಳಿಗಾಜಿನ ತುಂಬ ಎದ್ದಾಗ ಮಾಲೀಕರು ಕುರ್ಚಿ ಸಮೇತ ಹಿಂದಕ್ಕೆ ಸರಿದರು. ಅಕ್ಕ ಕುರ್ಚಿಯನ್ನು ಮೊಣಕಾಲಿನಿಂದ ಮತ್ತೆ ಮುಂದಕ್ಕೆ ತಳ್ಳಿದರು. ಗಾಜು ಬಿರಿಯಿತು, ಬಿಳಿ ಹಬ್ಬಿತು. ಗಿರಾಕಿಗಳ ಮುಖದಲ್ಲಿ ನೆಮ್ಮದಿ ಕಂಡಿತು. ಈಗ ಅಂಗೈ ಇಡಬೇಕು. ಮಾಲೀಕರು ಬಲಗೈಯನ್ನು ಗಾಜಿನ ಮೇಲಿಟ್ಟರು. ತಣ್ಣಗಿದೆ ಎಂದು ತಮಿಳಿನಲ್ಲಿ ಜೋರಾಗಿ ಹೇಳಿದರು. ಆಗ ನಿಜವಾಗಿಯೂ ತಣ್ಣಗೇ ಇತ್ತು.

ಅಕ್ಕ ಕಾಫಿ ತರಿಸಿದರು. ತಾವೇ ಒಂದೊಂದೇ ಲೋಟ ಎತ್ತಿ ಕೊಟ್ಟರು. ಯಜಮಾನರ ಊರು, ಕುಲ, ಹೆಣ್ಣುಮಕ್ಕಳನ್ನು ಕೊಟ್ಟ ಮನೆಗಳು, ಎಲ್ಲವನ್ನೂ ಒಂದೊಂದಾಗಿ ವಿಚಾರಿಸಿದರು. ಕುನ್ನತ್ತೂರಿನ ಹತ್ತಿರ ಯಜಮಾನರ ಸೊಸೆಯ ತವರು ಎಂದು ತಿಳಿದು ಆ ಮನೆಯ ಬಾವಿ, ಆ ಮನೆಯ ಎಮ್ಮೆಗಳವರೆಗೂ ಮಾತು ಬೆಳೆಸಿದರು. ಅಕ್ಕ ಅಷ್ಟು ಮಾತಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಮೀಟರಿನ ಮುಳ್ಳು ಏರುತ್ತಿತ್ತು. ಮಾಲೀಕರು ಕೈ ತೆಗೆಯಲು ನೋಡಿದಾಗೆಲ್ಲ ಅಕ್ಕ ಗಿರಾಕಿಗಳಿಗೆ, ನೋಡಿ, ಇನ್ನೂ ಕೈ ಇಟ್ಟೇ ಇದ್ದಾರೆ ಎಂದು ತೋರಿಸುತ್ತಿದ್ದರು. ಗಿರಾಕಿಗಳು ತಿರುಗಿ ನೋಡುತ್ತಿದ್ದರು. ಮಾಲೀಕರ ಕೈ ಅಲ್ಲಿಯೇ ಉಳಿಯುತ್ತಿತ್ತು.

ನಾನು ಕನ್ನಡದಲ್ಲಿ, ಸಾರ್, ಕೈ ತೆಗೀರಿ, ಇನ್ನು ತಡೆಯುವುದಿಲ್ಲ ಎಂದೆ.

"ನೀನು ಸುಮ್ನಿರು ಕಣ್ಣು" ಎಂದರು ಅಕ್ಕ, ಮುಖದ ಮೇಲಿನ ನಗುವನ್ನು ಹಾಗೆಯೇ ಇಟ್ಟುಕೊಂಡು. ಆಮೇಲೆ ಮೈದುನನ ಕಿವಿಯ ಬಳಿ ಬಗ್ಗಿ ಅದೇ ಭಾಷೆಯಲ್ಲಿ ಹೇಳಿದರು: "ಎದ್ದರೆ ಎದ್ದೋಗು. ಗಿರಾಕೀನೂ ಎದ್ದೋಗ್ತಾರೆ."

ಮಾಲೀಕರ ಹಣೆಯ ಬೆವರು ಕಣ್ಣಿಗಿಳಿಯುತ್ತಿತ್ತು. ಎದ್ದುಬಿಡುತ್ತಾರೆ ಎಂದುಕೊಂಡೆ, ಏಳಲಿಲ್ಲ. ಎಡಗೈ ತೊಡೆಯ ಬಟ್ಟೆಯನ್ನು ಹಿಂಡುತ್ತಿತ್ತು. ಬಾಯಿಂದ ಸಣ್ಣ ಸದ್ದೊಂದು ಬಂತು, ಅದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಅಷ್ಟರಲ್ಲಿ ಗೇಟಿನ ಕಡೆಯಿಂದ ಇಂಜಿನಿಯರ್ ಫೋನ್ ಮುಗಿಸಿ ಬರುತ್ತಿರುವುದು ಕಂಡಿತು. ನಾನು ಯಾರನ್ನೂ ಕೇಳದೆ ಹೋಗಿ ಡೀಸೆಲ್ ವಾಲ್ವ್ ಮುಚ್ಚಿದೆ. ಬರ್ನರ್ ನಿಂತಿತು.

ಇಂಜಿನಿಯರ್ ಬಂದು ಇಷ್ಟು ಬೇಗ ಯಾಕೆ ನಿಲ್ಲಿಸಿದಿರಿ ಎಂದು ಕೇಳಿದರು. ಡೀಸೆಲ್ ಮುಗಿಯಿತು ಎಂದು ಅಕ್ಕನೇ ಹೇಳಿದರು. ಯಜಮಾನರು ಎದ್ದು ಬಂದು ಮಾಲೀಕರ ಭುಜ ತಟ್ಟಿ, ಇಷ್ಟು ಹೊತ್ತು ಕೈಯಿಟ್ಟವನ ಗಾಜಿನ ಮೇಲೆ ಇನ್ನೇನು ಪರೀಕ್ಷೆ ಎಂದರು. ಆಮೇಲೆ ಕೈ ಕುಲುಕಲು ಬಲಗೈ ಚಾಚಿದರು. ಮಾಲೀಕರು ಒಂದು ಕ್ಷಣ ನೋಡಿ, ಬಲಗೈಯನ್ನೇ ಕೊಟ್ಟರು. ಯಜಮಾನರದು ಬಿಗಿಯಾದ ಹಿಡಿತ. ಗಂಡುಮಕ್ಕಳೂ ಒಬ್ಬೊಬ್ಬರಾಗಿ ಕುಲುಕಿದರು.

ಕಾರುಗಳು ಹೋದ ಮೇಲೆ ಮಾಲೀಕರು ಅಂಗೈ ಬಿಚ್ಚಿದರು. ಚರ್ಮ ಅಲ್ಲಲ್ಲಿ ಬಿಳಿಚಿ, ಬೊಬ್ಬೆಯೆದ್ದಿತ್ತು. ಬೆರಳ ಬುಡದಲ್ಲಿ ಬೊಬ್ಬೆ ಒಡೆದು ಚರ್ಮ ಸುಲಿದಿತ್ತು. ನಾನು ನಲ್ಲಿಯ ಕೆಳಗೆ ಹಿಡಿಸಿ ನೀರು ಬಿಟ್ಟೆ. ಅವರು ಹಲ್ಲು ಕಚ್ಚಿ ನಿಂತಿದ್ದರು. ಅಕ್ಕ ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸುತ್ತ, ನನಗೆ ಕೆನ್ನೆಗೆ ಎಣ್ಣೆ ಹಚ್ಚಿದ್ದೂ ಮಾರನೇ ದಿನವೇ ಎಂದರು. ಅಷ್ಟೇ ಹೇಳಿದ್ದು. ದನಿಯಲ್ಲಿ ಸಂತೋಷವೂ ಇರಲಿಲ್ಲ.

ಮಾಲೀಕರು ಒಂದು ವಾರ ಕಾರ್ಖಾನೆಗೆ ಬರಲಿಲ್ಲ. ಬಂದ ದಿನ ಕೈಗೆ ಬ್ಯಾಂಡೇಜ್ ಇತ್ತು. ನಾನು ಆ ಆರ್ಡರಿನ ವಿಷಯ ಎತ್ತುವ ಮೊದಲೇ, ಎರಡು ಪದರವೇ ಹಾಕು ಎಂದರು. ಕಾರಣ ಹೇಳಲಿಲ್ಲ. ಕೈ ಸುಟ್ಟುಕೊಂಡದ್ದಕ್ಕೋ, ಇಂಜಿನಿಯರ್ ಮತ್ತೆ ಬಂದು ಪೂರ್ತಿ ಪರೀಕ್ಷೆ ಮಾಡುತ್ತಾರೆಂದು ತಿರುಪ್ಪೂರಿನಿಂದ ಸುದ್ದಿ ಬಂದಿದ್ದಕ್ಕೋ ಗೊತ್ತಿಲ್ಲ. ಗಾಜು ಎರಡು ಪದರದ್ದೇ ಹೋಯಿತು. ಅದನ್ನು ನಾನೇ ಒಂದೊಂದಾಗಿ ನೋಡಿ ಕಳಿಸಿದೆ.

ಅಕ್ಕನನ್ನು ಮನೆಯಿಂದ ಹೊರಗೆ ಹಾಕುತ್ತಾರೆ ಎಂದು ನಾನು ಹೆದರಿದ್ದೆ. ಆದದ್ದು ಬೇರೆ. ಯಜಮಾನರ ಸೊಸೆಯ ತವರಿನ ನೆಪದಲ್ಲಿ ಬೆಳೆದ ಪರಿಚಯ ಗಟ್ಟಿಯಾಗಿತ್ತು. ಬನಿಯನ್ ಕಂಪನಿಯವರು ಬಂದಾಗೆಲ್ಲ ಮೊದಲು ಅಕ್ಕನನ್ನೇ ಕೇಳುತ್ತಿದ್ದರು. ಮಾಲೀಕರು ಆಫೀಸಿನಲ್ಲಿ ಅವರಿಗೊಂದು ಮೇಜು ಹಾಕಿಸಬೇಕಾಯಿತು. ಮನೆಯಲ್ಲಿಯೂ ಊಟ ವರಾಂಡದಿಂದ ಒಳಗೆ ಬಂತಂತೆ. ಇನ್ನು ಮುಂದೆ ಕುರ್ಚಿಯಲ್ಲಿ ಕೂರುವುದಿಲ್ಲ ಎಂದು ಅಕ್ಕ ಖಡಾಖಂಡಿತವಾಗಿ ಹೇಳಿದರು. ಇನ್ನು ಈ ಕುರ್ಚಿಯ ಆಟವೇ ನಿಂತಿತು ಎಂದುಕೊಂಡೆ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಕ್ಕ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದರು. ಕುನ್ನತ್ತೂರಿನ ಆಚೆಯ ಹಳ್ಳಿಯವಳು, ಅವರಿಗೆ ದೂರದ ಸಂಬಂಧಿ, ಇಪ್ಪತ್ತೈದು ದಾಟಿರಲಿಲ್ಲ. ಸ್ಟವ್ ಸಿಡಿದು ಗಲ್ಲ, ಎದೆ, ಎರಡೂ ತೋಳು ಬೆಂದಿದ್ದವು. ಗಂಡ ಬಿಟ್ಟುಹೋಗಿದ್ದ. ಅಕ್ಕ ಅವಳನ್ನು ಕುಲುಮೆಯ ಮುಂದೆ ಕೂರಿಸಿ, ಸೆರಗನ್ನು ತಮ್ಮ ಕೈಯಿಂದಲೇ ಹಿಂದೆ ಮುಂದೆ ಸರಿಸಿ, ಯಾವ ಕಡೆಯಿಂದ ಹೆಚ್ಚು ಕಾಣುತ್ತದೆ ಎಂದು ಅಳೆದು ನೋಡಿದರು.

"ಮೊದಲೇ ತೋರಿಸಬಾರದು. ಅವರು ಹೇಳಿದ ಮೇಲೆ ಮೆಲ್ಲಗೆ ತೆಗಿ. ಬೆಂಕಿ ಎದ್ದಾಗ ಹಿಡಿ ಗಟ್ಟಿಯಾಗಿ ಹಿಡ್ಕೋ. ಅಳಬೇಡ. ಅತ್ತರೆ ಗಿರಾಕಿ ಬೇಗ ಹೋಗಿಬಿಡ್ತಾರೆ."

ಆ ಹುಡುಗಿ ನನ್ನ ಕಡೆ ತಿರುಗಿ ಗಾಜು ಒಡೆಯುತ್ತದಾ ಎಂದು ಕೇಳಿದಳು. ಆಚೆಯದು ಒಡೆಯುತ್ತದೆ, ಸದ್ದಾಗುತ್ತದೆ, ಹೆದರಬೇಡ, ನಿನ್ನ ಕಡೆಯದು ಒಡೆಯುವುದಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಅಕ್ಕ ನನ್ನನ್ನು ಬದಿಗೆ ಕರೆದರು.

"ಅದನ್ನೆಲ್ಲ ಯಾಕೆ ಹೇಳ್ತೀಯ? ಅವಳಿಗೆ ಭಯ ಹೋದರೆ ಬಂದೋರು ಏನ್ ನೋಡಬೇಕು?"

ನಿಮಗೆ ಇದು ಹೇಗೆ ಸಾಧ್ಯವಾಗುತ್ತದೆ ಅಕ್ಕ ಎಂದು ಕೇಳಿದೆ. ಅವರು ನನ್ನನ್ನು ನಿಜವಾಗಿಯೂ ಅರ್ಥವಾಗದವರಂತೆ ನೋಡಿದರು. ಅವಳಿಗೆ ಹಳ್ಳಿಯಲ್ಲಿ ಗಂಜಿ ಹಾಕುವವರೂ ಇರಲಿಲ್ಲ, ಇಲ್ಲಿ ಊಟವಿದೆ, ಹಾಸಿಗೆಯಿದೆ ಎಂದರು. ಊಟ ಎಲ್ಲಿ ಹಾಕುತ್ತೀರಿ ಎಂದು ಕೇಳಿದೆ. ಹಿಂದಿನ ವರಾಂಡ ಖಾಲಿಯಿದೆಯಲ್ಲ ಎಂದರು.

ನಾನು ಆಮೇಲೆ ಹೆಚ್ಚು ದಿನ ಅಲ್ಲಿ ಉಳಿಯಲಿಲ್ಲ. ಹೊಸೂರಿನಲ್ಲಿ ಒಂದು ಬಣ್ಣದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮಾಲೀಕರು ತಡೆಯಲಿಲ್ಲ. ಅಕ್ಕ ಮಾತ್ರ, ಹೋಗಿ ಅಲ್ಲಿಯೂ ಯಾರಿಗಾದರೂ ಬುದ್ಧಿ ಹೇಳು ಎಂದು ಚುಚ್ಚಿದರು.

ಕೊನೆಯ ದಿನ ಮಧ್ಯಾಹ್ನ ಜೆಲ್ ಕೋಣೆಯ ಬೀಗದ ಕೈ ಒಪ್ಪಿಸಿ, ಷೆಡ್ಡಿನ ಹಿಂದೆ ಹೋದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಕುಲುಮೆ ತಣ್ಣಗಿತ್ತು, ಹೊಸ ಗಾಜು ಬಿಗಿದಿದ್ದರು, ಬಿಸಿಲಿಗೆ ಅದರಲ್ಲಿ ಆಚೆಯ ಇಟ್ಟಿಗೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಕಾಲು ನೋಯುತ್ತಿದ್ದುದರಿಂದ ಕುರ್ಚಿಯಲ್ಲಿ ಕೂತೆ. ಆ ಹುಡುಗಿ ತಲೆಗೆ ಹೂ ಮುಡಿದು, ಗಂಜಿ ಹಾಕಿದ ಸೀರೆಯುಟ್ಟು ಬಂದಳು. ಎರಡು ತಿಂಗಳಲ್ಲಿ ಅವಳ ನಡಿಗೆಯೇ ಬದಲಾಗಿತ್ತು. ನಾನು ಮಾತಾಡಿಸಬೇಕೆಂದು ನಕ್ಕೆ. ಹೇಗಿದ್ದೀಯ, ಭಯ ಹೋಯಿತಾ ಎಂದು ಕೇಳಿದೆ.

"ಎದ್ದೇಳುಂಗ ಮೇಡಂ" ಎಂದಳು. "ಗಿರಾಕಿ ಬರೋ ಹೊತ್ತು."

ನಾನು ಎದ್ದೆ. ಅವಳು ಸೆರಗಿನ ತುದಿಯಿಂದ ಕುರ್ಚಿಯನ್ನು ಒರೆಸಿ ಕೂತಳು, ಬೆಂದ ತೋಳು ಗೇಟಿನ ಕಡೆಗೆ ಬರುವಂತೆ ಸ್ವಲ್ಪ ಓರೆಯಾಗಿ. ನಾನು ಚೀಲ ಎತ್ತಿಕೊಂಡು ಪೊಳ್ಳಾಚಿ ರಸ್ತೆಯ ಬಸ್ ಸ್ಟಾಪಿಗೆ ನಡೆದೆ.